ಆರನೆಯ ವಾದಕನ ಕೈಯಲ್ಲಿ ವಾದ್ಯವಿಲ್ಲ: ಬೀಬಾಪ್‌ಗೆ ಎಕೋ ಬೆಸೆದ ಟೋಕಿಯೊ ತಂಡ

ನಮಸ್ಕಾರ.

ವೇದಿಕೆಯ ಮೇಲೆ ಐದು ವಾದ್ಯಗಳು: ಟ್ರಂಪೆಟ್, ಟೆನರ್ ಸ್ಯಾಕ್ಸೊಫೋನ್, ಪಿಯಾನೊ, ಡಬಲ್ ಬಾಸ್, ಡ್ರಮ್ಸ್. 1945ರಲ್ಲಿ ಚಾರ್ಲಿ ಪಾರ್ಕರ್ ಮತ್ತು ಡಿಜ್ಜಿ ಗಿಲೆಸ್ಪಿ ನ್ಯೂಯಾರ್ಕಿನಲ್ಲಿ ಬಿರುಸಿನ ಜಾಝ್ ಬಗೆಯಾದ ಬೀಬಾಪ್ ಧ್ವನಿಮುದ್ರಣ ಮಾಡಿದ ಕಾಲದಿಂದ ಈ ಜೋಡಣೆ ಹೆಚ್ಚೇನೂ ಬದಲಾಗಿಲ್ಲ. ಪಾರ್ಕರ್ ಕೈಯಲ್ಲಿದ್ದದ್ದು ಟೆನರ್ ಅಲ್ಲ, ಆಲ್ಟೊ, ಅಷ್ಟೇ ವ್ಯತ್ಯಾಸ. 1960ರ ದಶಕದ ನಡುವೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಕಟ್ಟಿದ ಎರಡನೇ ಕ್ವಿಂಟೆಟ್‌ನಲ್ಲಿ (ಐವರ ತಂಡದಲ್ಲಿ) ಇದ್ದದ್ದೂ ಇವೇ ಐದು. ಆದರೆ ನಾವು ಇವತ್ತು ಮಾತಾಡಲಿರುವ ಟೋಕಿಯೊ ತಂಡದ ಹೆಸರಿನಲ್ಲೇ ‘ಸೆಕ್ಸ್‌ಟೆಟ್’ ಇದೆ, ಅಂದರೆ ಆರು ಜನ. ಆರನೆಯವರು ಯಾವ ವಾದ್ಯವನ್ನೂ ತಂದಿಲ್ಲ. ಉಳಿದ ಐವರ ಧ್ವನಿಯೇ ಅವರ ವಾದ್ಯ. ಅದನ್ನು ಅಲ್ಲಲ್ಲಿ ಹಿಡಿದು, ಎಕೋ ಯಂತ್ರಕ್ಕೆ ಕೊಟ್ಟು, ತಿರುಚಿ, ಕತ್ತರಿಸಿ ವಾಪಸು ಸಭೆಗೆ ಬಿಡುತ್ತಾರೆ. ಇದೆಲ್ಲ ನಡೆಯುವುದು ಕಛೇರಿ ನಡೆಯುತ್ತಿರುವಾಗಲೇ, ಆ ಕ್ಷಣದಲ್ಲೇ.

ನರುಯೋಶಿ ಕಿಕುಚಿ ಡಬ್ ಸೆಕ್ಸ್‌ಟೆಟ್ ಎಂಬುದು ತಂಡದ ಪೂರ್ಣ ಹೆಸರು. ಕಿಕುಚಿ ಟೆನರ್ ನುಡಿಸುತ್ತಾರೆ, ನಾಯಕರೂ ಅವರೇ. ಟ್ರಂಪೆಟ್‌ನಲ್ಲಿ ಶಿನ್‌ಪೇ ರುಯ್ಕೆ, ಪಿಯಾನೊದಲ್ಲಿ ಮಸಯಾಸು ತ್ಸುಬೊಗುಚಿ, ಬಾಸ್‌ನಲ್ಲಿ ಮಸಾತೊ ಸುಜುಕಿ, ಡ್ರಮ್ಸ್‌ನಲ್ಲಿ ತಮಾಯಾ ಹೊಂಡಾ. ಆರನೆಯವರು ಪಾರ್ಡನ್ ಕಿಮುರಾ, ಡಬ್ ಎಂಜಿನಿಯರ್. ಡಬ್ ಎಂದರೆ ಮಿಕ್ಸರ್ (ಹಲವು ಧ್ವನಿಗಳನ್ನು ಬೆರೆಸುವ ಯಂತ್ರ) ಮತ್ತು ಎಕೋ ಬಳಸಿ ಸಂಗೀತವನ್ನು ಬಿಚ್ಚಿ ಹೊಸದಾಗಿ ಕಟ್ಟುವ ಕಲೆ. 2007ರಲ್ಲಿ ಬಂದ ಮೊದಲ ಆಲ್ಬಂನ ಹೆಸರು ‘ದ ರೆವಲ್ಯೂಷನ್ ವಿಲ್ ನಾಟ್ ಬಿ ಕಂಪ್ಯೂಟರೈಸ್ಡ್’. ಕ್ರಾಂತಿಯನ್ನು ಕಂಪ್ಯೂಟರ್ ಮಾಡಿಕೊಡುವುದಿಲ್ಲ ಎಂದು ಅರ್ಥ. ಮರುವರ್ಷ ‘ಡಬ್ ಆರ್ಬಿಟ್ಸ್’ ಬಂತು. ಮೊದಲ ಆಲ್ಬಂನ ಹೆಸರನ್ನು ನೆನಪಿಟ್ಟುಕೊಳ್ಳಿ. ಯಂತ್ರ ಎಷ್ಟೇ ಇರಲಿ, ಕೆಲಸ ನಡೆಯುವುದು ಕೈಯಲ್ಲಿ, ಕಿವಿಯಲ್ಲಿ. ಇವತ್ತಿನ ಮಾತೆಲ್ಲ ಆ ಕೈ ಏನು ಮಾಡುತ್ತದೆ ಎಂಬುದರ ಬಗ್ಗೆಯೇ.

ಇವರಲ್ಲಿ ಕೆಲವರು ಎಲೆಕ್ಟ್ರಾನಿಕ್ ಸಂಗೀತಕ್ಕೆ ಹೊಸಬರಲ್ಲ. ಕಿಕುಚಿ 1999ರಲ್ಲಿ ಡೇಟ್ ಕೋರ್ಸ್ ಪೆಂಟಗನ್ ರಾಯಲ್ ಗಾರ್ಡನ್ ಎಂಬ ದೊಡ್ಡ ತಂಡ ಕಟ್ಟಿದವರು. ಮೈಲ್ಸ್ ಡೇವಿಸ್ 1970ರ ದಶಕದಲ್ಲಿ ವಿದ್ಯುತ್ ವಾದ್ಯಗಳಿಂದ ಎಬ್ಬಿಸಿದ ದಟ್ಟ ಲಯದ ಸಂಗೀತದ ನೇರ ಸಂತತಿ ಅದು. ತ್ಸುಬೊಗುಚಿಯವರು ಟೋಕಿಯೊ ಜಾವಿನುಲ್ ಬಾಖ್ ತಂಡದಲ್ಲಿ, ಕಂಪ್ಯೂಟರ್ ತಾನಾಗಿಯೇ ಬದಲಿಸುತ್ತ ಹೋಗುವ ಲಯದ ಮೇಲೆ ಕಿಕುಚಿ ಜೊತೆ ನುಡಿಸಿದವರು. ರುಯ್ಕೆ ಜಪಾನಿನ ನೌಕಾ ಆತ್ಮರಕ್ಷಣಾ ಪಡೆಯ ವಾದ್ಯವೃಂದದಿಂದ ಬಂದವರು. ಸುಜುಕಿ ಲಿಟಲ್ ಕ್ರೀಚರ್ಸ್ ಎಂಬ ಪಾಪ್ ತಂಡದ ಬಾಸ್ ವಾದಕ. ಹೊಂಡಾ ಅವರದು ಜಾಝ್ ಮನೆತನ: ತಂದೆ ಪಿಯಾನಿಸ್ಟ್ ತಾಕೆಹಿರೊ ಹೊಂಡಾ, ಸೋದರಮಾವ ಸ್ಯಾಕ್ಸೊಫೋನ್ ವಾದಕ ಸಡಾವೊ ವತನಾಬೆ. ಇಷ್ಟು ಜನ ಸೇರಿ, ಸಿಂಥಸೈಜರ್ ರಾಶಿ ಹಾಕಿಕೊಳ್ಳದೆ, ಹಳೆಯ ಐದು ವಾದ್ಯಗಳನ್ನೇ ಆರಿಸಿಕೊಂಡು ಆರನೆಯ ಕೈಯನ್ನು ಕೂಡಿಸಿಕೊಂಡರು. ಇದು ತುಂಬ ಯೋಚಿಸಿ ಮಾಡಿದ ಆಯ್ಕೆ ಎಂದೇ ನಮ್ಮ ಅಭಿಪ್ರಾಯ.

ಡಬ್ ಎಲ್ಲಿಂದ ಬಂತು ಎಂಬುದನ್ನು ಬೇಗ ಹೇಳಿ ಮುಗಿಸುತ್ತೇವೆ, ಏಕೆಂದರೆ ಅದರ ಮೇಲೆ ಸಾಕಷ್ಟು ಬರಹ ಇದೆ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ, 1970ರ ದಶಕದ ಆರಂಭದಲ್ಲಿ, ಕಿಂಗ್ ಟಬ್ಬಿ ಎಂದು ಹೆಸರಾದ ಆಸ್ಬರ್ನ್ ರಡಕ್ ರೆಗೆ (ಜಮೈಕಾದ ಜನಪ್ರಿಯ ಸಂಗೀತ) ಹಾಡುಗಳ ಟೇಪನ್ನು ಮಿಕ್ಸರ್‌ನಲ್ಲಿ ಬಿಚ್ಚಿ ಹೊಸದಾಗಿ ಕಟ್ಟಿದರು. ಗಾಯನ ತೆಗೆದರು, ಡ್ರಮ್ಸ್ ಮತ್ತು ಬಾಸ್ ಉಳಿಸಿಕೊಂಡರು, ಗಿಟಾರ್‌ನ ಒಂದು ಮೀಟನ್ನು ಎಕೋಗೆ ಎಸೆದು ಅದು ಕರಗುವವರೆಗೂ ಬಿಟ್ಟರು. ರೇಡಿಯೊ ರಿಪೇರಿ ಗೊತ್ತಿದ್ದ ಆ ಮನುಷ್ಯ ಮಿಕ್ಸರ್‌ನ್ನೇ ವಾದ್ಯ ಮಾಡಿಕೊಂಡರು. ಅದೇ ಊರಿನ ಲೀ ಪೆರಿ ತಮ್ಮ ಬ್ಲ್ಯಾಕ್ ಆರ್ಕ್ ಸ್ಟುಡಿಯೊದಲ್ಲಿ ಬಳಸಿದ ಎಕೋ ಯಂತ್ರ ರೋಲಾಂಡ್ ಕಂಪನಿಯ ಸ್ಪೇಸ್ ಎಕೋ. ಆ ಕಂಪನಿ ಇಕುತಾರೊ ಕಾಕೆಹಾಶಿ 1972ರಲ್ಲಿ ಒಸಾಕಾದಲ್ಲಿ ಶುರು ಮಾಡಿದ್ದು. ಜಪಾನಿನ ಪೆಟ್ಟಿಗೆ ಜಮೈಕಾಕ್ಕೆ ಹೋಗಿ ಒಂದು ಸಂಗೀತವಾಯಿತು. ಆ ಸಂಗೀತ ಜಪಾನಿಗೆ ಮರಳಿ ಬಂತು. 1980ರ ದಶಕದಲ್ಲಿ ಕಾಜುಫುಮಿ ಕೊಡಾಮಾ ಟ್ರಂಪೆಟ್ ನುಡಿಸುತ್ತಿದ್ದ ಮ್ಯೂಟ್ ಬೀಟ್ ತಂಡ ಟೋಕಿಯೊದಲ್ಲಿ ವಾದ್ಯಸಂಗೀತದ ಡಬ್ ನುಡಿಸುತ್ತಿತ್ತು. ಡಬ್ ಮಾಸ್ಟರ್ ಎಕ್ಸ್ ಎಂಬ ಎಂಜಿನಿಯರ್ ಆ ತಂಡದ ಸದಸ್ಯರೇ ಆಗಿದ್ದರು. ಹಾಗಾಗಿ ಮಿಕ್ಸರ್ ಹಿಡಿದವನನ್ನು ವಾದಕನ ಸಾಲಿನಲ್ಲಿ ಕೂರಿಸುವುದು ಟೋಕಿಯೊಗೆ 2007ರಲ್ಲಿ ಹೊಸದಾಗಿರಲಿಲ್ಲ. ಹೊಸದಾಗಿದ್ದದ್ದು ಅದನ್ನು ಬೀಬಾಪ್ ವೇಗಕ್ಕೆ, ಬೀಬಾಪ್ ಹಾರ್ಮನಿಗೆ (ಸ್ವರಗಳನ್ನು ಒಟ್ಟಿಗೆ ಹೊಂದಿಸುವ ಕ್ರಮಕ್ಕೆ) ಒಗ್ಗಿಸುವ ಸಾಹಸ.

ಸಾಹಸ ಎನ್ನುವುದಕ್ಕೆ ಕಾರಣ ಇದೆ. ಎಕೋ ಮತ್ತು ಬೀಬಾಪ್ ಹುಟ್ಟಿನಿಂದಲೇ ಒಂದಕ್ಕೊಂದು ಆಗದವು.

ನಮ್ಮ ಕಿವಿಗೆ ಇದು ಮೊದಲು ಹೊಳೆಯುವುದಿಲ್ಲ. ಏಕೆಂದರೆ ನಾವು ಶ್ರುತಿಯ ಮೇಲೆ ಬೆಳೆದವರು. ತಂಬೂರಿ ಕಛೇರಿಯುದ್ದಕ್ಕೂ ಒಂದೇ ಆಧಾರ ಷಡ್ಜ ಹಿಡಿದಿರುತ್ತದೆ. ರಾಗದ ಒಂದು ಸ್ವರಕ್ಕೆ ಎಕೋ ಬಿದ್ದು ಅದು ಅರ್ಧ ಸೆಕೆಂಡು ತಡವಾಗಿ ಕೇಳಿಸಿದರೂ, ಕೆಳಗಿನ ಆಧಾರ ಅಲ್ಲೇ ಇರುವುದರಿಂದ ಆ ಸ್ವರ ತಪ್ಪಾಗುವುದಿಲ್ಲ. ರೆಗೆಯಲ್ಲೂ ಹೆಚ್ಚುಕಡಿಮೆ ಹೀಗೆಯೇ. ಎರಡು ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ನಡುವೆ ಹಾಡು ನಿಧಾನವಾಗಿ ತೂಗುತ್ತಿರುತ್ತದೆ. ಬೀಬಾಪ್‌ನಲ್ಲಿ ಆಧಾರವೇ ಓಡುತ್ತಿರುತ್ತದೆ.

ಲೆಕ್ಕ ಹಾಕಿ ನೋಡೋಣ. ಒಂದು ಬೀಟ್ ಎಷ್ಟು ಮಿಲಿಸೆಕೆಂಡು ಎಂದು ತಿಳಿಯಲು 60,000ವನ್ನು ನಿಮಿಷಕ್ಕೆ ಎಷ್ಟು ಬೀಟ್ ಎಂಬ ಸಂಖ್ಯೆಯಿಂದ ಭಾಗಿಸಿ. ನಿಮಿಷಕ್ಕೆ 240 ಬೀಟ್ ಬೀಬಾಪ್‌ಗೆ ಸಾಮಾನ್ಯ ವೇಗ. ಸೆಕೆಂಡಿಗೆ ನಾಲ್ಕು ಬೀಟ್. ಕೂತಲ್ಲೇ ತೊಡೆಯ ಮೇಲೆ ತಟ್ಟಿ ನೋಡಿ, ಎಷ್ಟು ಬಿರುಸು ಎಂದು ತಿಳಿಯುತ್ತದೆ. ಒಂದು ಬೀಟ್‌ಗೆ 250 ಮಿಲಿಸೆಕೆಂಡು. ಎರಡು ಬೀಟ್‌ಗೊಮ್ಮೆ ಕಾರ್ಡ್ ಬದಲಾದರೆ ಒಂದು ಕಾರ್ಡಿನ ಆಯುಷ್ಯ ಅರ್ಧ ಸೆಕೆಂಡು. ಈಗ ಡಿಲೇಯನ್ನು (ಎಕೋ ಎಷ್ಟು ತಡವಾಗಿ ಮರಳಬೇಕು ಎಂಬುದನ್ನು) ಒಂದು ಬೀಟ್‌ಗೆ ಇಟ್ಟು, ಪ್ರತಿ ಮರುಕಳಿಕೆ 6 ಡೆಸಿಬೆಲ್ ಇಳಿಯುವಂತೆ ಮಾಡಿದ್ದೀರಿ ಎಂದುಕೊಳ್ಳಿ. ನಾಲ್ಕನೇ ಮರುಕಳಿಕೆ ಮೂಲಕ್ಕಿಂತ 24 ಡೆಸಿಬೆಲ್ ಕೆಳಗೆ ಹೋಗಿರುತ್ತದೆ. ಆದರೂ ಬಿಡುವಿನ ಜಾಗದಲ್ಲಿ ಕೇಳಿಸುತ್ತದೆ. ಅಷ್ಟರಲ್ಲಿ ಒಂದು ಸೆಕೆಂಡು ಕಳೆದಿದೆ, ಕಾರ್ಡ್ ಎರಡು ಸಲ ಬದಲಾಗಿದೆ. ನೀವು ಎಸೆದ ಸ್ವರ ತನ್ನ ಮನೆ ಬಿಟ್ಟು ಎರಡು ಮನೆ ದಾಟಿ ಬಂದಿದೆ.

ಹಾಗಾದರೆ ಯಾವ ಸ್ವರವನ್ನು ಎಸೆಯಬಹುದು? ಜಾಝ್‌ನಲ್ಲಿ ಮತ್ತೆ ಮತ್ತೆ ಬರುವ ಮೂರು ಕಾರ್ಡ್‌ಗಳ ಸರಣಿಯನ್ನು ನಮ್ಮ ಸ್ವರಗಳಲ್ಲಿ ಬರೆದುಕೊಳ್ಳೋಣ. ಷಡ್ಜ ಸಿ ಎಂದಿಟ್ಟುಕೊಳ್ಳಿ, ಸ್ವರಗಳು ಶಂಕರಾಭರಣದವು. ಮೊದಲ ಕಾರ್ಡ್ ಡಿ ಮೈನರ್ ಸೆವೆನ್: ರಿ, ಮ, ದ, ಸ. ಎರಡನೆಯದು ಜಿ ಸೆವೆನ್: ಪ, ನಿ, ರಿ, ಮ. ಮೂರನೆಯದು ಸಿ ಮೇಜರ್ ಸೆವೆನ್: ಸ, ಗ, ಪ, ನಿ. ಸ್ಯಾಕ್ಸೊಫೋನ್ ಮೊದಲ ಕಾರ್ಡಿನ ಮೇಲೆ ಮಧ್ಯಮ ನುಡಿಸಿದಾಗ ನೀವು ಅದನ್ನು ಎಕೋಗೆ ಬಿಟ್ಟರೆ, ಎರಡನೇ ಕಾರ್ಡಿನಲ್ಲಿ ಅದು ಸೊಗಸಾಗಿಯೇ ಕೂರುತ್ತದೆ. ಅಲ್ಲೂ ಮ ಇದೆ. ಮೂರನೆಯದಕ್ಕೆ ಬಂದಾಗ ಕೆಳಗೆ ಗಾಂಧಾರ ನಿಂತಿದೆ, ಮೇಲೆ ನಿಮ್ಮ ಮಧ್ಯಮ ಅರ್ಧ ಸ್ವರದ ಅಂತರದಲ್ಲಿ ಉಜ್ಜುತ್ತಿದೆ. ಹಾಡು ಮನೆಗೆ ಬಂದು ಉಸಿರು ಬಿಡಬೇಕಾದ ಜಾಗದಲ್ಲೇ ಕಲ್ಲು ಸಿಕ್ಕಿದಂತೆ. ಅದರ ಬದಲು ರಿಷಭ ಎಸೆಯಿರಿ. ಮೊದಲ ಕಾರ್ಡಿಗೆ ಅದು ಮೂಲಸ್ವರ, ಎರಡನೆಯದಕ್ಕೆ ಐದನೆಯದು, ಮೂರನೆಯದಕ್ಕೆ ಒಂಬತ್ತನೆಯದು. ಮೂರೂ ಕಡೆ ಸರಿ. ಧೈವತವೂ ಹಾಗೆಯೇ: ಐದನೆಯದು, ಒಂಬತ್ತನೆಯದು, ಆರನೆಯದು. ಒಂದೇ ಸ್ವರ ಜಾಗ ಬದಲಿಸದೆ ನಿಂತಿದೆ, ಕೆಳಗೆ ಕಾರ್ಡ್‌ಗಳು ಬದಲಾಗುತ್ತಿವೆ, ಪ್ರತಿ ಸಲ ಅದರ ಬಣ್ಣ ಬೇರೆ. ಎಕೋದಿಂದ ಸಿಗಬಹುದಾದ ಅತಿ ಚೆಂದದ ಫಲ ಇದು ಎಂದು ನಾವು ನಂಬುತ್ತೇವೆ. ಒಂದು ಕ್ಷಣಕ್ಕೆ ಎಕೋ ಆ ಸ್ವರಕ್ಕೆ ತಂಬೂರಿಯಾಗುತ್ತದೆ.

ಇನ್ನೊಂದು ತೊಡಕು, ಬೀಬಾಪ್ ರಾಗಸಾಲಿನ ಒಳಗಿನ ಅನ್ಯಸ್ವರಗಳು. ಪಾರ್ಕರ್ ಪರಂಪರೆಯ ಯಾವುದೇ ವಾದಕ ಗುರಿಸ್ವರವನ್ನು ನೇರವಾಗಿ ಮುಟ್ಟುವುದಿಲ್ಲ. ಮೇಲಿನಿಂದ ಒಂದು, ಕೆಳಗಿನಿಂದ ಒಂದು ಅರ್ಧಸ್ವರ ಸುತ್ತಿ ಬರುತ್ತಾನೆ. ಆ ಸ್ವರಗಳು ಸರಿ ಎನಿಸುವುದು ಅವು ಕ್ಷಣದಲ್ಲಿ ಹಾದುಹೋಗುವುದರಿಂದ. ಎಕೋ ಅವನ್ನು ಹಿಡಿದು ನಿಲ್ಲಿಸಿದರೆ ಹಾದುಹೋಗುವುದು ನಿಂತಿತು, ತಪ್ಪು ಮಾತ್ರ ಉಳಿಯಿತು. ಆದ್ದರಿಂದ ಸಾಲಿನ ನಡುವೆ ಎಂದೂ ಎಸೆಯಬಾರದು, ಸಾಲು ಮುಗಿಯುವ ಕಡೆಯ ಸ್ವರವನ್ನು ಕಾಯಬೇಕು. ಬೀಬಾಪ್ ಸಾಲುಗಳು ಹೆಚ್ಚಾಗಿ ಎರಡು ಗಿಡ್ಡ ಸ್ವರಗಳಲ್ಲಿ ಫಟ್ಟನೆ ಮುರಿಯುತ್ತವೆ. ‘ಬೀ-ಬಾಪ್’ ಎಂದು ಬಾಯಲ್ಲಿ ಹೇಳಿ ನೋಡಿ, ಆ ಸಂಗೀತಕ್ಕೆ ಹೆಸರು ಬಂದದ್ದೇ ಇಂಥ ಬಾಯಿಮಾತಿನ ಉಚ್ಚಾರದಿಂದ. ಆ ‘ಬಾಪ್’ ನಿಮ್ಮದು. ಅದರ ಹಿಂದೆ ವಾದಕ ಉಸಿರು ತೆಗೆದುಕೊಳ್ಳುವ ಜಾಗವಿದೆ. ಎಕೋಗೆ ಬೇಕಾದ ಖಾಲಿ ಜಾಗ ಅದೇ.

ಈಗ ಕೈಯ ವಿಷಯ. 240ರ ವೇಗದಲ್ಲಿ ಅರ್ಧ ಬೀಟಿನ ಸ್ವರ 125 ಮಿಲಿಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಒಂದು ಸದ್ದು ಕೇಳಿ ಬೆರಳು ಅಲುಗಾಡಲು ಮನುಷ್ಯನಿಗೆ ಸುಮಾರು 150ರಿಂದ 200 ಮಿಲಿಸೆಕೆಂಡು ಬೇಕು. ಅಂದರೆ ಕೇಳಿದ ಮೇಲೆ ಸೆಂಡ್ (ಧ್ವನಿಯನ್ನು ಎಕೋ ಯಂತ್ರಕ್ಕೆ ಕಳಿಸುವ ಗುಂಡಿ) ತೆರೆದರೆ ಸ್ವರ ಆಗಲೇ ಹೋಗಿರುತ್ತದೆ. ಎರಡೇ ದಾರಿ ಇರುವುದು.

ಮೊದಲನೆಯದು, ಮುಂಚೆಯೇ ತಿಳಿದಿರುವುದು. ಹಾಡಿನ ರಚನೆ, ಅದು 32 ಬಾರ್‌ಗಳದ್ದೋ (ಬಾರ್ ಎಂದರೆ ಇಲ್ಲಿ ನಾಲ್ಕು ಬೀಟಿನ ಒಂದು ಆವರ್ತ) 12 ಬಾರ್‌ಗಳ ಬ್ಲೂಸೋ, ನಾವೀಗ ಎಷ್ಟನೇ ಬಾರ್‌ನಲ್ಲಿದ್ದೇವೆ, ಮುಂದಿನ ಕಾರ್ಡ್ ಯಾವುದು, ಇದೆಲ್ಲ ಎಂಜಿನಿಯರ್ ತಲೆಯಲ್ಲಿ ವಾದಕರ ತಲೆಯಲ್ಲಿರುವಷ್ಟೇ ಸ್ಪಷ್ಟವಾಗಿ ಓಡುತ್ತಿರಬೇಕು. ಊದುವವನ ಭುಜ, ಗಲ್ಲ, ಉಸಿರು ನೋಡಿ ಸಾಲು ಎಲ್ಲಿ ಮುರಿಯುತ್ತದೆ ಎಂದು ಊಹಿಸಬೇಕು. ಮೃದಂಗದವರು ಗಾಯಕರ ಮುಖ ನೋಡಿ ಮುಕ್ತಾಯ ಹಿಡಿಯುತ್ತಾರಲ್ಲ, ಆ ಬಗೆಯ ನೋಟ. ಡಬ್ ಎಂಜಿನಿಯರ್‌ನನ್ನು ತಂಡದ ಆರನೆಯ ಸದಸ್ಯ ಎಂದು ಎಣಿಸುವುದು ಗೌರವಕ್ಕಾಗಿ ಅಲ್ಲ. ಬೀಬಾಪ್ ಗೊತ್ತಿಲ್ಲದವನಿಗೆ ಈ ಕೆಲಸ ಸಾಧ್ಯವೇ ಇಲ್ಲ.

ಎರಡನೆಯದು ಒಂದು ಜಾಣ ಜೋಡಣೆ. ಸೆಂಡನ್ನು ತೆರೆದೇ ಇಡಿ, ಎಕೋ ಯಂತ್ರ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರಲಿ. ಮುಚ್ಚಿಡಬೇಕಾದದ್ದು ಯಂತ್ರದಿಂದ ಮರಳುವ ಚಾನೆಲ್‌ನ ಫೇಡರ್, ಅಂದರೆ ಧ್ವನಿಮಟ್ಟ ಏರಿಸಿ ಇಳಿಸುವ ಜಾರುಗುಂಡಿ. ಡಿಲೇ ಮೂರು ಬೀಟ್‌ಗೆ ಇದ್ದರೆ, 240ರಲ್ಲಿ 750 ಮಿಲಿಸೆಕೆಂಡು. ಸ್ವರವನ್ನು ಕೇಳಿದ ಮೇಲೂ ಮುಕ್ಕಾಲು ಸೆಕೆಂಡು ನಿಮ್ಮ ಕೈಯಲ್ಲಿದೆ: ಬೇಕು ಎನಿಸಿದರೆ ಫೇಡರ್ ಎತ್ತಿ, ಅದು ಹೊರಬರುತ್ತದೆ, ಬಂದ ಕೂಡಲೇ ಇಳಿಸಿ, ಇಲ್ಲವಾದರೆ ಅದರ ಹಿಂದಿನ ಸ್ವರಗಳೂ ಸಾಲಾಗಿ ನುಗ್ಗುತ್ತವೆ. ಮೂರು ಬೀಟ್ ಎನ್ನುವುದಕ್ಕೆ ಇನ್ನೂ ಒಂದು ಲಾಭವಿದೆ. ಬಾರ್‌ಗೆ ನಾಲ್ಕು ಬೀಟ್, ಎಕೋಗೆ ಮೂರು. ಮರುಕಳಿಕೆ ಪ್ರತಿ ಸಲ ಬಾರ್‌ನ ಬೇರೆ ಬೇರೆ ಜಾಗಕ್ಕೆ ಬಿದ್ದು, ಮೂರು ಬಾರ್‌ಗೊಮ್ಮೆ ಸಮಕ್ಕೆ ಬರುತ್ತದೆ. ಚತುರಶ್ರದ ಮೇಲೆ ತಿಶ್ರ ನಡೆದಂತೆ.

ಈ ಜೋಡಣೆಯಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಸೆಂಡ್ ತೆರೆದಿಟ್ಟು ಯಂತ್ರದ ಒಳಗಿನ ಫೀಡ್‌ಬ್ಯಾಕ್ ಗುಂಡಿಯನ್ನೂ (ಎಕೋವನ್ನು ಮತ್ತೆ ಎಕೋಗೇ ಕೊಡುವುದು ಇದು) ಏರಿಸಿರುತ್ತಾರೆ. ಆಗ ನಿಮಗೆ ಬೇಡವಾದ ಸ್ವರಗಳೂ ಒಳಗೆ ಸುತ್ತುತ್ತ ಗಂಜಿಯಾಗುತ್ತಿರುತ್ತವೆ. ಫೇಡರ್ ಎತ್ತಿದ ಕೂಡಲೇ ಹೊರಗೆ ಬರುವುದು ಆ ಗಂಜಿ. ಸರಿಪಡಿಸುವ ಬಗೆ ಹೀಗೆ: ಯಂತ್ರದ ಫೀಡ್‌ಬ್ಯಾಕ್ ಸೊನ್ನೆ ಮಾಡಿ. ಮರಳುವ ಧ್ವನಿಯನ್ನು ಮಿಕ್ಸರ್‌ನ ಮಾಮೂಲಿ ಚಾನೆಲ್‌ಗೆ ತಂದು, ಆ ಚಾನೆಲ್‌ನಿಂದಲೇ ಅದೇ ಎಕೋಗೆ ಫೇಡರ್ ನಂತರದ ಆಕ್ಸ್ ಸೆಂಡ್ (ಫೇಡರ್ ದಾಟಿದ ಧ್ವನಿಯನ್ನು ಮಾತ್ರ ಕಳಿಸುವ ಗುಂಡಿ) ಸ್ವಲ್ಪ ತೆರೆಯಿರಿ. ಈಗ ಫೇಡರ್ ಎತ್ತಿದಾಗ ಹೊರಬಂದದ್ದು ಮಾತ್ರ ಮತ್ತೆ ಸುತ್ತಿಗೆ ಹೋಗುತ್ತದೆ, ಉಳಿದದ್ದು ಒಂದೇ ಸಲಕ್ಕೆ ಸತ್ತುಹೋಗುತ್ತದೆ. ಒಂದು ಎಚ್ಚರಿಕೆ: ಆ ಆಕ್ಸ್ ಗುಂಡಿ ಮತ್ತು ಚಾನೆಲ್ ಇಕ್ವಲೈಸರ್ (ಧ್ವನಿಯ ಒಂದೊಂದು ಭಾಗವನ್ನು ಏರಿಸುವ, ಇಳಿಸುವ ಗುಂಡಿಗಳು) ಎರಡೂ ಈ ಸುತ್ತಿನ ಒಳಗಿವೆ. 800 ಹರ್ಟ್ಸ್ ಹತ್ತಿರ 3 ಡೆಸಿಬೆಲ್ ಏರಿಸಿದ್ದರೆ, ನಾಲ್ಕು ಸುತ್ತಿಗೆ ಅದು 12 ಆಗುತ್ತದೆ. ಏರಿಸಬೇಡಿ, ಇಳಿಸುವುದಕ್ಕೆ ಮಾತ್ರ ಬಳಸಿ.

ಯಂತ್ರದ ಬಗ್ಗೆ ಒಂದಿಷ್ಟು ಹತ್ತಿರದಿಂದ ನೋಡೋಣ. ಸ್ಪೇಸ್ ಎಕೋಗಳಲ್ಲಿ ಹೆಸರಾದದ್ದು 1974ರ ಆರ್‌ಇ-201. ಮುಚ್ಚಳ ತೆಗೆದರೆ ಕ್ಯಾಸೆಟ್ಟಿನ ಹಾಗೆ ಉರುಳೆಗಳು ಕಾಣುವುದಿಲ್ಲ. ಉದ್ದನೆಯ ಒಂದೇ ಟೇಪು ತುದಿಗೆ ತುದಿ ಅಂಟಿಸಿಕೊಂಡು, ಚಪ್ಪಟೆ ಅರೆಯೊಳಗೆ ಮಡಿಕೆ ಮಡಿಕೆಯಾಗಿ ಬಿದ್ದುಕೊಂಡಿರುತ್ತದೆ. ಚಕ್ರ ಅದನ್ನು ಒಂದು ಬದಿಯಿಂದ ಎಳೆದು ಇನ್ನೊಂದು ಬದಿಗೆ ತಳ್ಳುತ್ತದೆ. ಅಳಿಸುವ ಹೆಡ್, ಬರೆಯುವ ಹೆಡ್, ಆಮೇಲೆ ಓದುವ ಹೆಡ್‌ಗಳು ಮೂರು. ಜೊತೆಗೆ ಸ್ಪ್ರಿಂಗ್ ರಿವರ್ಬ್, ಅಂದರೆ ಸ್ಪ್ರಿಂಗಿನಿಂದ ಅನುರಣನ ಕೊಡುವ ಸಾಧನ. ಮುಂದಿನ ದೊಡ್ಡ ಗುಂಡಿಯಲ್ಲಿ 12 ಸ್ಥಾನ. ಮೊದಲ ನಾಲ್ಕರಲ್ಲಿ ಎಕೋ ಮಾತ್ರ, ಐದರಿಂದ ಹನ್ನೊಂದರವರೆಗೆ ಎಕೋ ಜೊತೆ ರಿವರ್ಬ್, ಕಡೆಯದರಲ್ಲಿ ರಿವರ್ಬ್ ಒಂದೇ.

ಬೀಬಾಪ್‌ಗೆ ಇದು ಹೇಳಿ ಮಾಡಿಸಿದಂತೆ ಒದಗುವುದು ನಾಲ್ಕನೇ ಸ್ಥಾನದಲ್ಲಿ, ಎರಡನೇ ಮತ್ತು ಮೂರನೇ ಹೆಡ್ ಒಟ್ಟಿಗೆ ಓದುವಾಗ. ಹೆಡ್‌ಗಳನ್ನು ಹೆಚ್ಚುಕಡಿಮೆ ಸಮಾನ ದೂರದಲ್ಲಿ ಕೂರಿಸಿದ್ದಾರೆ. ಟೇಪಿನ ವೇಗ ತಿರುಗಿಸಿ ಮೂರನೇ ಹೆಡ್ಡನ್ನು ಸರಿಯಾಗಿ ಒಂದು ಬೀಟ್‌ಗೆ ತಂದರೆ, ಎರಡನೆಯದು ಬೀಟಿನ ಮೂರರಲ್ಲಿ ಎರಡಂಶದ ಆಸುಪಾಸು, ತುಸು ತಡವಾಗಿ ಬೀಳುತ್ತದೆ. 160ರ ವೇಗದಲ್ಲಿ ಒಂದು ಬೀಟ್ 375 ಮಿಲಿಸೆಕೆಂಡು, ಎರಡನೇ ಹೆಡ್ ಸುಮಾರು 250ರಿಂದ 260. ಡ್ರಮ್ಮರ್‌ನ ರೈಡ್ ಸಿಂಬಲ್ (ಲಯ ಹಿಡಿಯುವ ದೊಡ್ಡ ತಾಳದ ತಟ್ಟೆ) ಹೇಳುವ ‘ಡಿಂಗ್, ಡಿಂಗ್-ಅ-ಡಿಂಗ್’ನಲ್ಲಿ ಆ ‘ಅ’ ಬೀಳುವ ಜಾಗ ಇದೇ. ಪಿಯಾನೊದ ಒಂದೇ ಒಂದು ಗಿಡ್ಡ ಕಾರ್ಡನ್ನು ಇಲ್ಲಿಗೆ ಬಿಟ್ಟರೆ ಅದು ಸ್ವಿಂಗ್ (ಜಾಝ್‌ನ ಉದ್ದ-ಗಿಡ್ಡ ತೂಗುಲಯ) ಆಗಿಯೇ ವಾಪಸು ಬರುತ್ತದೆ. ವೇಗ 280, 300ಕ್ಕೆ ಏರಿದಾಗ ಡ್ರಮ್ಮರ್‌ಗಳೇ ಸ್ವಿಂಗನ್ನು ಸಮ ಮಾಡಿಬಿಡುತ್ತಾರೆ. ಆಗ ಈ ಜೋಡಿ ಹೆಡ್ ಒಗ್ಗುವುದಿಲ್ಲ, ಒಂದೇ ಹೆಡ್‌ಗೆ ಮರಳಿ.

ಟೇಪು ಯಂತ್ರ ಸಾಕುವುದು ಸುಲಭವಲ್ಲ. ಧ್ವನಿ ಮಂಕಾದರೆ ಮೊದಲು ಹೆಡ್‌ಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಯಿಂದ ಒರೆಸಿ. ಕಂದು ಪುಡಿ ಬರುತ್ತದೆ. ಸ್ವರ ಅಲುಗಿದರೆ ಟೇಪನ್ನು ಒತ್ತುವ ರಬ್ಬರ್ ಚಕ್ರ ಗಟ್ಟಿಯಾಗಿದೆ ಅಥವಾ ಟೇಪು ಸುಕ್ಕಾಗಿದೆ. ನಿಯಮಿತ ಅಂತರದಲ್ಲಿ ‘ಟಕ್’ ಎಂದರೆ ಅಂಟಿಸಿದ ಜಾಗ ಹೆಡ್ ಮೇಲೆ ಹಾಯುತ್ತಿದೆ, ಟೇಪು ಬದಲಿಸಿ. ಜಪಾನಿನಿಂದ ಹಳೆಯ ಯಂತ್ರ ತರಿಸುವವರಿಗೆ ಇನ್ನೊಂದು ಮಾತು. ಅಲ್ಲಿನ ಮನೆ ವಿದ್ಯುತ್ 100 ವೋಲ್ಟ್. ಅಲ್ಲಿಯ ಮಾರುಕಟ್ಟೆಗೆ ಮಾಡಿದ ಯಂತ್ರವನ್ನು ಬೆಂಗಳೂರಿನ 230 ವೋಲ್ಟ್ ಪ್ಲಗ್ಗಿಗೆ ನೇರ ಚುಚ್ಚಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟೇ ಹೋಗುತ್ತದೆ. 230ರಿಂದ 100ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಸುಲಭವಾಗಿ ಸಿಗುವ 110 ವೋಲ್ಟಿನದನ್ನು ಅದರ ಜಾಗದಲ್ಲಿ ಇಡಬೇಡಿ. ಟೇಪಿನ ಉಸಾಬರಿ ಬೇಡ ಎನ್ನುವವರು ಡಿಜಿಟಲ್ ಡಿಲೇ ತೆಗೆದುಕೊಳ್ಳಲಿ, ತಪ್ಪೇನಿಲ್ಲ. ಆದರೆ ಅದರಲ್ಲಿ ಮೂಲಧ್ವನಿ ಪೂರ್ತಿ ಬಂದ್ ಆಗಿರಬೇಕು, ಎಕೋ ಮಾತ್ರ ಹೊರಬರಬೇಕು. ಡಿಜಿಟಲ್ ಪೆಟ್ಟಿಗೆಯಿಂದ 1 ಮಿಲಿಸೆಕೆಂಡು ತಡವಾಗಿ ಬಂದ ಮೂಲಧ್ವನಿ ಮಿಕ್ಸರ್‌ನಲ್ಲಿರುವ ಮೂಲಧ್ವನಿಗೆ ಸೇರಿದರೆ 500 ಹರ್ಟ್ಸ್‌ನಲ್ಲಿ ಹಳ್ಳ ಬೀಳುತ್ತದೆ, ಸ್ಯಾಕ್ಸೊಫೋನ್ ತಗಡಿನಂತೆ ಕೇಳುತ್ತದೆ.

ಮೈಕ್‌ಗಳ ಬಗ್ಗೆ. ಸ್ಟುಡಿಯೊ ಟೇಪಿನಲ್ಲಿ ಕಿಂಗ್ ಟಬ್ಬಿಗೆ ಪ್ರತಿ ವಾದ್ಯ ಬೇರೆ ಬೇರೆಯಾಗಿ ಸಿಗುತ್ತಿತ್ತು. ವೇದಿಕೆಯ ಮೇಲೆ ಹಾಗಿಲ್ಲ. ಟ್ರಂಪೆಟ್ ಮೈಕ್‌ಗೆ ಎರಡು ಮೀಟರ್ ದೂರದ ರೈಡ್ ಸಿಂಬಲ್ ಕೂಡ ಕೇಳಿಸುತ್ತದೆ. ನೀವು ಎಸೆದದ್ದು ಟ್ರಂಪೆಟ್, ಮರಳಿದ್ದು ಟ್ರಂಪೆಟ್ ಜೊತೆಗೆ ಎರಡನೇ ಸಿಂಬಲ್. ಅದು ಹೊಂಡಾ ಅಂಥವರ ಚುರುಕಾದ ಲಯದ ಮೇಲೆ ಬಿದ್ದರೆ ಇಬ್ಬರು ಡ್ರಮ್ಮರ್ ಜಗಳವಾಡಿದಂತೆ. ಮದ್ದು ಮೂರು ಹಂತದ್ದು: ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಡೈನಮಿಕ್ ಮೈಕ್ ಹಿಡಿದು ಟ್ರಂಪೆಟ್‌ನ ಅಗಲ ಬಾಯಿಂದ 5ರಿಂದ 10 ಸೆಂಟಿಮೀಟರ್ ದೂರದಲ್ಲಿಡಿ, ಮೈಕ್‌ನ ಬೆನ್ನು ಸಿಂಬಲ್ ಕಡೆ ಇರಲಿ, ಎಕೋಗೆ ಹೋಗುವ ಸೆಂಡ್‌ನಲ್ಲಿ ಸುಮಾರು 300 ಹರ್ಟ್ಸ್ ಕೆಳಗಿನದನ್ನೂ 4 ಕಿಲೋಹರ್ಟ್ಸ್ ಮೇಲಿನದನ್ನೂ ಕತ್ತರಿಸಿ. ಸಿಂಬಲ್‌ನ ಮಿನುಗು ಹೆಚ್ಚಾಗಿ ಅದಕ್ಕಿಂತ ಮೇಲೇ ಇರುತ್ತದೆ. ಪಿಯಾನೊಗೆ ಮುಚ್ಚಳ ಅರ್ಧ ಇಳಿಸಿ ಒಳಗೆ ಎರಡು ಮೈಕ್.

ಬಾಸನ್ನು ಮಾತ್ರ ಮುಟ್ಟಬೇಡಿ ಎನ್ನುವುದು ನಮ್ಮ ಖಚಿತ ಸಲಹೆ. ಇಲ್ಲೇ ಡಬ್ ಮತ್ತು ಬೀಬಾಪ್ ತಲೆಕೆಳಗಾಗುವುದು. ರೆಗೆಯಲ್ಲಿ ಬಾಸ್ ಒಂದು ಸಣ್ಣ ನುಡಿಯನ್ನು ಸುತ್ತಿ ಸುತ್ತಿ ಹೇಳುತ್ತದೆ, ಆದ್ದರಿಂದ ಎಕೋ ಅದನ್ನು ಕೆಡಿಸುವುದು ಕಡಿಮೆ. ಬೀಬಾಪ್‌ನಲ್ಲಿ ಬಾಸ್ ಪ್ರತಿ ಬೀಟ್‌ಗೆ ಹೊಸ ಸ್ವರ ಇಟ್ಟು ನಡೆಯುತ್ತದೆ, ಕಾರ್ಡ್ ಯಾವುದು ಎಂದು ಎಲ್ಲರಿಗೂ ತಿಳಿಸುವುದು ಅದೇ. ಅದಕ್ಕೆ ಒಂದು ಬೀಟಿನ ಎಕೋ ಕೊಟ್ಟರೆ ಪ್ರತಿ ಬೀಟಿನಲ್ಲಿ ಎರಡು ಬಾಸ್ ಸ್ವರ, ಕೆಳಗೆಲ್ಲ ಕೆಸರು. ರೆಗೆ ಗಿಟಾರ್‌ನ ಆ ಮೀಟಿಗೆ ಇಲ್ಲಿ ಸರಿಜೋಡಿ ಪಿಯಾನೊದ ಎಡಗೈ ಕಾರ್ಡ್‌ಗಳು: ಗಿಡ್ಡ, ಬೀಟ್ ತಪ್ಪಿಸಿ ಬೀಳುವಂಥವು, ಸುತ್ತ ಗಾಳಿಯಿರುವಂಥವು. ಎಕೋಗೆ ಮೊದಲ ಆಹಾರ ಅದೇ. ಆಮೇಲೆ ಟ್ರಂಪೆಟ್ ಮತ್ತು ಸ್ಯಾಕ್ಸೊಫೋನ್ ಸಾಲಿನ ಕೊನೆಗಳು. ಡ್ರಮ್ಸ್‌ನಲ್ಲಿ ಸ್ನೇರ್‌ನ ಒಂಟಿ ಏಟು, ಅದೂ ಅಪರೂಪಕ್ಕೆ.

ಜಾಝ್ ಡ್ರಮ್ಮರ್ ಕ್ಲಿಕ್ (ಕಿವಿಯಲ್ಲಿ ಲಯ ಎಣಿಸುವ ಟಿಕ್ ಟಿಕ್) ಹಾಕಿಕೊಂಡು ನುಡಿಸುವುದಿಲ್ಲ. ಸೋಲೊ ಕಾವೇರಿದಾಗ 240 ಇದ್ದದ್ದು 248 ಆಗುವುದು ಸಹಜ, ಆಗಬೇಕಾದದ್ದೂ ಹೌದು. ಆದರೆ ಬೀಟ್ ಈಗ 242 ಮಿಲಿಸೆಕೆಂಡು, ನಿಮ್ಮ ಡಿಲೇ ಇನ್ನೂ 250. ಒಂದು ಮರುಕಳಿಕೆಗೆ 8 ಮಿಲಿಸೆಕೆಂಡು ತಪ್ಪು, ನಾಲ್ಕನೆಯದಕ್ಕೆ 32. ಸುಮಾರು 30 ಮಿಲಿಸೆಕೆಂಡು ದಾಟಿದರೆ ಎರಡು ಏಟು ಎರಡಾಗಿಯೇ ಕೇಳಿಸುತ್ತವೆ. ಎಂಟು ಹದಿನಾರು ಬಾರ್‌ಗೊಮ್ಮೆ ಹೆಡ್‌ಫೋನ್‌ನಲ್ಲಿ ಕೇಳಿ ವೇಗ ತಿದ್ದಿಕೊಳ್ಳಬೇಕು. ಟೇಪು ಯಂತ್ರದಲ್ಲಿ ತಿದ್ದುವಾಗ ಒಳಗಿರುವ ಸ್ವರವೂ ಜಾರುತ್ತದೆ. ಫೇಡರ್ ಮುಚ್ಚಿರುವಾಗ ತಿದ್ದಿ, ಇಲ್ಲವೇ ಆ ಜಾರುವಿಕೆಯನ್ನೇ ಬೇಕೆಂದು ಬಳಸಿ. ವೇಗ ಇಮ್ಮಡಿ ಮಾಡಿದರೆ ಸ್ವರ ಒಂದು ಸ್ಥಾಯಿ ಏರುತ್ತದೆ, ಟ್ರಂಪೆಟ್ ಸಾಲು ಆಕಾಶಕ್ಕೆ ಹಾರಿದಂತೆ. ಒಂದು ಕಛೇರಿಯಲ್ಲಿ ಒಂದೆರಡು ಸಲ ಸಾಕು.

ಎಂಜಿನಿಯರ್ ಎಲ್ಲಿ ಕೂರಬೇಕು? ಸಭಾಂಗಣದ ಹಿಂದೆ, ಮಾಮೂಲಿ ಜಾಗದಲ್ಲಿ ಕೂತರೆ, 20 ಮೀಟರ್ ದೂರಕ್ಕೆ ಸದ್ದು ತಲುಪಲು 58 ಮಿಲಿಸೆಕೆಂಡು. 240ರ ವೇಗದಲ್ಲಿ ಅರ್ಧ ಬೀಟಿನ ಸ್ವರದ ಹತ್ತಿರ ಹತ್ತಿರ ಅರ್ಧ ಭಾಗ ಅಲ್ಲೇ ಹೋಯಿತು. ವೇದಿಕೆಯ ಮೇಲೆ, ವಾದಕರ ಪಕ್ಕದಲ್ಲಿ, ಅವರ ಮುಖ ಕಾಣುವಂತೆ ಕೂರುವುದೇ ಸರಿ. ಸಭೆಯ ಒಟ್ಟು ಧ್ವನಿ ನೋಡಿಕೊಳ್ಳಲು ಹಿಂದೆ ಇನ್ನೊಬ್ಬ ಸೌಂಡ್ ಎಂಜಿನಿಯರ್ ಬೇಕೇ ಬೇಕು. ಅವರಿಗೆ ಡಬ್ ಮಿಕ್ಸರ್‌ನಿಂದ ಎಕೋ ಮಾತ್ರ ಎರಡು ಚಾನೆಲ್‌ಗಳಲ್ಲಿ ಹೋಗಲಿ. ಅವರು ಅದಕ್ಕೆ ಕಂಪ್ರೆಸರ್ (ಧ್ವನಿಯ ಏರಿಳಿತವನ್ನು ಸಮ ಮಾಡುವ ಯಂತ್ರ) ಹಾಕದಂತೆ ಮೊದಲೇ ಹೇಳಿಡಿ. ಕರಗುವ ಎಕೋವನ್ನು ಕಂಪ್ರೆಸರ್ ಮತ್ತೆ ಎತ್ತಿ ಹಿಡಿದುಬಿಡುತ್ತದೆ. ಮಾನಿಟರ್‌ಗಳಲ್ಲಿ (ವಾದಕರ ಕಡೆ ತಿರುಗಿದ ಸ್ಪೀಕರ್‌ಗಳಲ್ಲಿ) ಊದುವವರಿಗೆ ಎಕೋ ಕೇಳಿಸಬೇಕು, ಅದಕ್ಕೆ ಅವರು ಉತ್ತರ ಕೊಡುತ್ತಾರೆ, ಜಾಗ ಬಿಡುತ್ತಾರೆ. ಡ್ರಮ್ಮರ್‌ಗೆ ಕೊಡಬೇಡಿ; ಕೊಟ್ಟರೆ ಅರಿವಿಲ್ಲದೆ ಎಕೋ ಕಡೆ ವಾಲುತ್ತಾರೆ.

ಕಿರುಚುವಿಕೆ ಶುರುವಾದಾಗ ಯಾವ ಗುಂಡಿಗೆ ಕೈ ಹಾಕಬೇಕು ಎಂಬುದು ಮೊದಲೇ ತಿಳಿದಿರಬೇಕು. ಒಂದೇ ಸ್ವರ ನಿರಂತರವಾಗಿ ‘ಕುಂಯ್’ ಎಂದು ಏರಿದರೆ ಅದು ಸ್ಪೀಕರ್‌ನಿಂದ ಮೈಕ್‌ಗೆ ಸುತ್ತುತ್ತಿರುವ ಸದ್ದು: ಮರಳುವ ಫೇಡರ್ ತಕ್ಷಣ ಇಳಿಸಿ, ಯಾವ ಮೈಕ್ ತೆರೆದಿದೆ ನೋಡಿ. ಲಯ ಉಳಿಸಿಕೊಂಡೇ ಮರುಕಳಿಕೆ ದಪ್ಪವಾಗುತ್ತ ಹೋದರೆ ಅದು ಎಕೋ ತನ್ನನ್ನೇ ತಿನ್ನುತ್ತಿರುವುದು: ಆಗ ಫೇಡರ್ ಮುಟ್ಟಬೇಡಿ, ಸುತ್ತಿನ ಆಕ್ಸ್ ಗುಂಡಿಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿ. ಎರಡನೆಯದು ಹತೋಟಿಯಲ್ಲಿದ್ದರೆ ಅದೇ ಸೋಲೊ ತುದಿಗೇರುವ ಕ್ಷಣವೂ ಆಗುತ್ತದೆ. ತಾಲೀಮಿನಲ್ಲಿ ಗುಂಡಿ ಎಲ್ಲಿ ದಾಟಿದರೆ ಏರು ಶುರುವಾಗುತ್ತದೆ ಎಂದು ಕಂಡುಕೊಂಡು, ಅಲ್ಲೊಂದು ತುಂಡು ಬಿಳಿ ಟೇಪು ಅಂಟಿಸಿ ಗೆರೆ ಎಳೆಯಿರಿ.

ಹಾಡು ಮುಗಿಯುವ ರೀತಿಯನ್ನೂ ತಾಲೀಮಿನಲ್ಲೇ ಗೊತ್ತುಮಾಡಿಕೊಳ್ಳಬೇಕು. ಬೀಬಾಪ್ ಫಟ್ಟನೆ ನಿಲ್ಲುತ್ತದೆ, ಎಕೋ ನಿಲ್ಲುವುದಿಲ್ಲ. ಐವರೂ ವಾದ್ಯ ಇಳಿಸಿದ ಮೇಲೆ ಎರಡು ಮೂರು ಸೆಕೆಂಡು ಆರನೆಯವರೊಬ್ಬರೇ ನುಡಿಸುತ್ತಿರುತ್ತಾರೆ. ಕೊನೆಯ ಸ್ವರ ಎಸೆದ ಕೂಡಲೇ ಎಲ್ಲ ಮೈಕ್‌ಗಳ ಸೆಂಡ್ ಮುಚ್ಚಬೇಕು, ಇಲ್ಲವಾದರೆ ಚಪ್ಪಾಳೆಯ ಮೊದಲ ಸದ್ದೂ ಸುತ್ತಿಗೆ ಸೇರಿಬಿಡುತ್ತದೆ. ಡ್ರಮ್ಮರ್ ಸಿಂಬಲ್‌ನ್ನು ಕೈಯಲ್ಲಿ ಹಿಡಿದು ಸದ್ದಡಗಿಸಬೇಕು. ಪಿಯಾನಿಸ್ಟ್ ಪೆಡಲ್‌ನಿಂದ ಕಾಲು ತೆಗೆಯಬೇಕು. ಆಕ್ಸ್ ಗುಂಡಿ ಬಿಳಿ ಗೆರೆಯಿಂದ ಸ್ವಲ್ಪ ಹಿಂದಕ್ಕೆ; ಫೇಡರ್ ಇದ್ದಲ್ಲೇ ಇರಲಿ. ನಾಲ್ಕು, ಐದು, ಆರು ಸಲ ಆ ಸ್ವರ ಮರಳಿ ಬರಲಿ, ಪ್ರತಿ ಸಲ ಇನ್ನಷ್ಟು ಮಂಕಾಗಿ. ಕಿಕುಚಿ ಸ್ಯಾಕ್ಸೊಫೋನ್ ಬಾಯಿಂದ ತೆಗೆದರೂ ನಿಂತೇ ಇರುತ್ತಾರಲ್ಲ, ಅಷ್ಟು ಹೊತ್ತು.